ಒಳಗಿನಿಂದ ತಂದ ದುಂಡು ಬೀಜ

ಐವತ್ತೆಂಟನೇ ಇಸವಿಯ ಬೇಸಿಗೆ. ಶಿಕಾರಿಪುರದ ಪ್ರೈಮರಿ ಶಾಲೆಯಲ್ಲಿ ನಾನು ಟೀಚರಾಗಿ ಎರಡು ವರ್ಷವಾಗಿತ್ತು. ಸೊರಬದಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬಂದಿದ್ದರು. ಹುಡುಗ ಅಲ್ಲಿಯ ಕಚೇರಿಯಲ್ಲಿ ಗುಮಾಸ್ತ. ಅವನ ತಂದೆ ಚಿಕ್ಕಮಗಳೂರಿನ ಕಡೆ ಒಂದು ಕಾಫಿ ತೋಟದಲ್ಲಿ ಇಪ್ಪತ್ತು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದು ಊರಿಗೆ ಮರಳಿದವರು. ಈ ವಿಷಯ ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಹೇಳಿದ್ದರೆ ಅಮ್ಮ ಅವತ್ತು ಕಾಫಿಯ ತಂಟೆಗೇ ಹೋಗುತ್ತಿರಲಿಲ್ಲ.

ನಾನು ಲೋಟ ಕೊಟ್ಟೆ. ಹುಡುಗನ ತಂದೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಇದ್ರಲ್ಲಿ ಕಾಫಿ ಎಲ್ಲಿದೆ ಮಾರಾಯ್ರೆ? ಬರೀ ಚಿಕೋರಿ. ಹುಣಸೆ ಬೀಜವೂ ಸೇರಿದೆಯೋ ಎಂತದೋ!" ಎಂದರು.

ಅಮ್ಮನ ಮುಖ ಸಣ್ಣಗಾಯಿತು. ಪುಡಿ ನಮ್ಮೂರ ಅಂಗಡಿಯದು, ಮೋಸ ನಮ್ಮದಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಹುಡುಗ ಮಾತ್ರ ತಲೆ ತಗ್ಗಿಸಿಕೊಂಡು, ಆ ಕಾಫಿಯನ್ನೇ ಲೋಟದ ತಳ ಕಾಣುವವರೆಗೂ ಕುಡಿದ. ಸುಳ್ಳು ಯಾಕೆ ಹೇಳಲಿ, ಆ ಲೋಟ ಖಾಲಿಯಾದದ್ದು ನೋಡಿಯೇ ನಾನು ಅವನನ್ನು ಒಪ್ಪಿಬಿಟ್ಟೆ. ಆದರೆ ಅವನ ತಂದೆ, "ಒಂದು ತಿಂಗ್ಳು ಬಿಟ್ಟು ಬಂದು ಮಾತಾಡ್ತೇವೆ" ಎಂದಷ್ಟೇ ಹೇಳಿ ಎದ್ದರು. ಹಾಗೆ ಹೇಳಿ ಹೋದವರು ಎಷ್ಟು ಜನ ಮತ್ತೆ ಬರುತ್ತಾರೆ ಎಂಬುದು ಹೆಣ್ಣು ಹೆತ್ತವರಿಗೆಲ್ಲ ಗೊತ್ತು.

ಅದೇ ರಜೆಯಲ್ಲಿ ಮೂರು ವಾರದ ತರಬೇತಿಗೆಂದು ನನ್ನನ್ನು ಬೆಂಗಳೂರಿಗೆ ಕಳಿಸಿದರು. ಉಳಿದುಕೊಂಡದ್ದು ಚಿಕ್ಕಮ್ಮನ ಮನೆಯಲ್ಲಿ. ಹೊರಡುವಾಗ ಅಮ್ಮ ನನ್ನ ಕೈ ಹಿಡಿದು, "ಅವ್ರು ಮತ್ತೆ ಬಂದ್ರೆ ಮರ್ಯಾದೆ ಉಳೀಬೇಕು ಕಣೇ. ಪುಡಿ ಮಾತ್ರ ತರಬ್ಯಾಡ. ಹಸಿ ಬೀಜ ತಾ, ಇಲ್ಲೇ ಹುರ್ಕೊಳ್ಳೋಣು. ಬೀಜದಾಗ ಏನು ಮೋಸ ಮಾಡ್ತಾರೆ?" ಎಂದಳು.

ಅಮ್ಮ ಆರಿಸಿದ್ದು ಸರಿಯಾದ ಆಳನ್ನೇ. ನನ್ನದು ಹುಟ್ಟಿನಿಂದಲೇ ಅನುಮಾನದ ಸ್ವಭಾವ. ಹಾಲಿನವಳು ಬಂದರೆ ಹಾಲಿಗೆ ಬೆರಳದ್ದಿ ನೋಡುತ್ತಿದ್ದೆ. "ಇವಳು ತಾಳಿ ಕಟ್ಟೋಕೆ ಬಂದವನನ್ನೂ ತಕ್ಕಡಿಯಲ್ಲಿ ಕೂರಿಸ್ತಾಳೆ" ಎಂದು ಅಪ್ಪ ಗೇಲಿ ಮಾಡುತ್ತಿದ್ದರು.

ಬೆಂಗಳೂರಿನಲ್ಲಿ ಒಳ್ಳೆಯ ಬೀಜ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಚಿಕ್ಕಮ್ಮ ಒಂದು ಬೀದಿ ಹೇಳಿದರೆ ಪಕ್ಕದ ಮನೆಯಾಕೆ ಆ ಬೀದಿಯವರೆಲ್ಲ ಕಳ್ಳರು ಎಂದಳು. ಮೊದಲು ಹೋದ ಅಂಗಡಿಯವನು ಬೀಜ ಕೇಳಿದರೆ ಪುಡಿಯನ್ನೇ ಮುಂದೆ ಮಾಡಿದ. ಎರಡನೆಯವನು ಚೀಲಕ್ಕೆ ಕೈ ಹಾಕಲು ಬಿಡಲಿಲ್ಲ. ಎರಡೂ ಕಡೆ ಬೆನ್ನು ತಿರುಗಿಸಿ ಬಂದೆ. ಊರಿಗೆ ಹೊರಡುವ ದಿನ ಚಿಕ್ಕಪೇಟೆಯ ಒಂದು ಗಲ್ಲಿಯಲ್ಲಿ ಕಾಫಿ ಹುರಿಯುವ ಘಮ ಬಂತು. ಅದರ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಒಂದು ಚಿಕ್ಕ ಕತ್ತಲೆ ಅಂಗಡಿ. ಅಲ್ಲಿದ್ದವರು ಒಬ್ಬ ವಯಸ್ಸಾದವರು.

ಹೊರಗಿದ್ದ ಗೋಣಿಯಿಂದ ಹಸಿ ಬೀಜ ತೆಗೆದು ನೋಡಿದೆ. ಚೆನ್ನಾಗಿತ್ತು. ಎರಡು ಸೇರು ತೂಗಲು ಹೇಳಿದೆ. ತೂಗಿದರು. ಮತ್ತೊಮ್ಮೆ ತೂಗಿ ಎಂದೆ. ಅವರು ಬೇಸರಪಡದೆ ಮತ್ತೆ ತೂಗಿದರು. ಬೇಸರಪಡದೇ ಇದ್ದದ್ದೇ ನನಗೆ ಅನುಮಾನ ಹುಟ್ಟಿಸಿತು.

"ಯಾವೂರಮ್ಮ?"

ಊರು ಯಾಕೆ ಇವರಿಗೆ, ಎಂದುಕೊಂಡೇ "ಶಿಕಾರಿಪುರ" ಎಂದೆ.

"ಅಷ್ಟು ದೂರಕ್ಕಾ? ಏನು ವಿಶೇಷ?"

ಅದೇನಾಯಿತೋ, ಯಾರ ಹತ್ತಿರವೂ ಬಾಯಿ ಬಿಡದ ನಾನು ಎಲ್ಲ ಹೇಳಿಬಿಟ್ಟೆ. ಚಿಕೋರಿ, ಕೆಳಗಿಟ್ಟ ಲೋಟ, ಒಂದು ತಿಂಗಳ ಗಡುವು, ಎಲ್ಲ. ಅವರು ತೂಗಿದ್ದ ಬೀಜವನ್ನು ವಾಪಸು ಗೋಣಿಗೆ ಸುರಿದರು. "ಹಾಗಾದ್ರೆ ಇದು ಬೇಡ. ಒಳಗಿರೋದನ್ನ ಕೊಡ್ತೀನಿ. ದುಡ್ಡು ಇದರದ್ದೇ ಕೊಡಿ, ಸಾಕು" ಎಂದು ಒಳಗೆ ಹೋದರು.

ಕಣ್ಣೆದುರಿನ ಮಾಲು ಬಿಟ್ಟು ಒಳಗಿನದು ಯಾಕೆ? ಅವರು ಒಂದು ಬಟ್ಟೆಯ ಚೀಲ ತಂದು ತಕ್ಕಡಿಗೆ ಸುರಿದರು. ಮುಳ್ಳಿನ ಮೇಲಿಟ್ಟ ಕಣ್ಣನ್ನು ನಾನು ಕೀಳಲಿಲ್ಲ. ಒಂದು ಬೀಜ ಎತ್ತಿ ಮೂಸಿದೆ, ಹಲ್ಲಿನಲ್ಲಿ ಕಡಿದೆ. ಗಟ್ಟಿಯಾಗಿತ್ತು, ಮುಗ್ಗಲು ವಾಸನೆ ಇರಲಿಲ್ಲ. ಇನ್ನಷ್ಟು ನೋಡೋಣವೆಂದರೆ ರೈಲಿನ ಹೊತ್ತಾಗಿತ್ತು. ದಾರಿಯಲ್ಲಿ ಯಾರೂ ಕೈ ಹಾಕಬಾರದೆಂದು ಅವರು ಚೀಲದ ಬಾಯಿಯನ್ನು ದಬ್ಬಣದಿಂದ ಹೊಲಿದು ಕೊಟ್ಟರು. ಅದೂ ನನಗೆ ಹಿಡಿಸಲಿಲ್ಲ.

ಮನೆಯಲ್ಲಿ ಅಮ್ಮ ಹೊಲಿಗೆ ಬಿಚ್ಚಿ ಬೀಜವನ್ನು ಮೊರಕ್ಕೆ ಸುರಿದಳು. ಎದುರು ಮನೆಯ ಗಂಗಕ್ಕ ಬಂದು ಕೂತಿದ್ದಳು. ಒಂದು ಹಿಡಿ ಎತ್ತಿ, "ಇದೇನ್ರೀ ಇದು! ಕಾಫಿ ಬೀಜ ಅಂದ್ರ ಒಂದು ಮಗ್ಗಲು ಚಪ್ಪಟೆ ಇರ್ಬೇಕಲ್ರೀ. ಇವೆಲ್ಲ ಬಟಾಣಿ ಇದ್ದಂಗ ದುಂಡಗದಾವು!" ಎಂದಳು.

ನೋಡಿದರೆ ಹೌದು. ಮೊರದ ತುಂಬ ಒಂದೂ ಚಪ್ಪಟೆ ಬೀಜವಿಲ್ಲ. ಬಣ್ಣ ನೋಡಿದ್ದೆ, ತೂಕ ನೋಡಿದ್ದೆ, ಕಡಿದು ನೋಡಿದ್ದೆ. ಆಕಾರ ನೋಡುವುದು ಮಾತ್ರ ಹೊಳೆದಿರಲಿಲ್ಲ. "ಯಾವ ಕಾಡುಬೀಜವೋ ಏನೋ. ಹುರಿದು ಕುಡಿದು ಬೀಗರಿಗೆ ಹೆಚ್ಚುಕಡಿಮೆ ಆದ್ರೆ?" ಎಂದರು ಅಪ್ಪ. ಅಮ್ಮ ಎಲ್ಲವನ್ನೂ ಒಂದು ಡಬ್ಬಕ್ಕೆ ತುಂಬಿ ಅಟ್ಟಕ್ಕೆ ಹಾಕಿದಳು.

ನನಗೆ ಮೈಯೆಲ್ಲ ಉರಿಯಿತು. ಬಿಲ್ಲಿನ ಮೇಲೆ ಅಂಗಡಿಯ ವಿಳಾಸವಿತ್ತು. ಒಂದು ಅಂಚೆ ಕಾರ್ಡು ತೆಗೆದುಕೊಂಡು ಐದೇ ನಿಮಿಷದಲ್ಲಿ ಎರಡೂ ಬದಿ ತುಂಬಿಸಿದೆ. "ಮದುವೆಯ ವಿಷಯ ಹೇಳಿಕೊಂಡ ಹೆಣ್ಣುಮಗಳಿಗೆ ಕಾಡುಬೀಜ ಕೊಟ್ಟು ಟೋಪಿ ಹಾಕಿದ ನಿಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲವೇ? ಪೊಲೀಸರಿಗೆ ತಿಳಿಸುತ್ತೇನೆ" ಎಂದು ಬರೆದು, ಕೆಳಗೆ ಸರೋಜ, ಸಹಾಯಕ ಉಪಾಧ್ಯಾಯಿನಿ ಎಂದು ದೊಡ್ಡದಾಗಿ ಸಹಿ ಹಾಕಿದೆ. ಕಾರ್ಡೆಂದರೆ ಗುಟ್ಟೆಲ್ಲಿ ಉಳಿಯುತ್ತದೆ? ಮಾರನೆಯ ದಿನವೇ ಪೋಸ್ಟ್‌ಮನ್ ಹನುಮಂತಪ್ಪ ಬೀದಿಯಲ್ಲಿ ನಿಲ್ಲಿಸಿ, "ಏನ್ ಟೀಚರಮ್ಮಾ, ಬೆಂಗಳೂರಿನವ ಕೈ ಕೊಟ್ನಂತೆ?" ಎಂದ.

ಹತ್ತು ದಿನವಾಗಿರಬೇಕು. ಸೊರಬದವರು ಬಂದೇಬಿಟ್ಟರು, ಅಪ್ಪ ಮಗ ಇಬ್ಬರೂ. ಅಮ್ಮ ಅಂಗಡಿಯ ಪುಡಿ ಮುಟ್ಟಲು ಹೆದರಿ ಬಿಸಿ ಹಾಲು ತಂದಿಟ್ಟಳು. ಹುಡುಗನ ತಂದೆ ಹಾಲನ್ನೂ ನೋಡಿದರು, ಅಮ್ಮನನ್ನೂ ನೋಡಿದರು. ನಾನು ಬಾಗಿಲ ಹಿಂದೆ ನಿಂತು, ಮುಗಿಯಿತು ಕತೆ ಎಂದುಕೊಂಡೆ.

ಅದೇ ಹೊತ್ತಿಗೆ ಹನುಮಂತಪ್ಪ ಜಗಲಿಗೆ ಬಂದು ಬೀದಿಗೆಲ್ಲ ಕೇಳುವ ಹಾಗೆ, "ಬೆಂಗಳೂರಿಂದ ಜವಾಬು ಬಂತ್ರೀ, ನಿಮ್ಮ ದುಂಡು ಬೀಜದ್ದು!" ಎಂದ. ಅಪ್ಪನ ಕನ್ನಡಕ ಒಳಗಿತ್ತು. ಹುಡುಗನ ತಂದೆಯೇ ಕೈ ಚಾಚಿ ಕಾರ್ಡು ಇಸಿದುಕೊಂಡು ಗಟ್ಟಿಯಾಗಿ ಓದಿದರು.

"ಮಗು ಸರೋಜಳಿಗೆ ಆಶೀರ್ವಾದಗಳು. ನಿಮ್ಮ ಬೈಗುಳದ ಕಾರ್ಡು ತಲುಪಿತು. ಕಾಫಿ ಹಣ್ಣಿನಲ್ಲಿ ಎರಡು ಬೀಜ ಇರುವುದು ವಾಡಿಕೆ. ಅಪರೂಪಕ್ಕೆ ಕೆಲವು ಹಣ್ಣಿನಲ್ಲಿ ಒಂದೇ ಬೆಳೆದು ದುಂಡಗಾಗುತ್ತದೆ. ಅಂಥವನ್ನು ಆರಿಸಿ ನನ್ನ ಮನೆಗೆಂದು ಇಟ್ಟುಕೊಂಡಿದ್ದೆ. ನಿಮ್ಮ ವಿಷಯ ಕೇಳಿ ಕೊಟ್ಟೆ. ನಂಬಿಕೆ ಬರದಿದ್ದರೆ ವಾಪಸು ಕಳಿಸಿ, ಹಣ ಮನಿಯಾರ್ಡರ್ ಮಾಡುತ್ತೇನೆ. ಹುರಿಯುವಾಗ ಉರಿ ಸಣ್ಣಗಿರಲಿ."

"ಎಲ್ಲಿ ಆ ಬೀಜ?" ಎಂದರು ಹುಡುಗನ ತಂದೆ. ಅಮ್ಮ ಅಟ್ಟದಿಂದ ಡಬ್ಬ ಇಳಿಸಿದಳು. ಅವರು ಒಂದು ಹಿಡಿ ಎತ್ತಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಪೀಬರಿ. ಇಪ್ಪತ್ತು ವರ್ಷ ತೋಟದಲ್ಲಿ ಇದರ ಲೆಕ್ಕ ಬರೆದೆ, ಮನೆಗೆ ಒಂದು ಹಿಡಿ ತರೋಕೆ ಆಗ್ಲಿಲ್ಲ. ಇದನ್ನ ಅಟ್ಟಕ್ಕೆ ಹಾಕಿದ್ರಾ?" ಎಂದವರು, "ಆ ಮನುಷ್ಯನಿಗೆ ಬೈದು ಬರೆದದ್ದು ನಿಮ್ಮ ಮಗಳೇನಾ?" ಎಂದರು.

ಅಪ್ಪ ಏನೋ ಹೇಳಲು ಬಾಯಿ ತೆರೆದರು. ಅಪ್ಪನ ಹಿಂದೆ ಅಡಗುವುದು ಸರಿಕಾಣಲಿಲ್ಲ. "ನಾನೇ ಬರೆದದ್ದು" ಎಂದು ಹೊರಗೆ ಬಂದೆ.

"ಹಾಗಾದ್ರೆ ಇನ್ನೊಂದು ಕಾರ್ಡು ತಗೊಳ್ಳಮ್ಮ. ಮೊದಲು ಅವ್ರ ಹತ್ರ ತಪ್ಪಾಯ್ತು ಅಂತ ಬರಿ. ಆಮೇಲೆ ಕಾಫಿ. ಕಾಫಿ ಆದ್ಮೇಲೆ ನಮ್ಮ ಮಾತು."

ಬೈದು ಬರೆಯಲು ಐದು ನಿಮಿಷ ಸಾಕಾಗಿತ್ತು. ತಪ್ಪಾಯಿತು ಎಂಬ ಎರಡು ಸಾಲಿಗೆ ಅರ್ಧ ಗಂಟೆ ಹಿಡಿಯಿತು, ಅದೂ ಎಲ್ಲರ ಎದುರು. ಅಷ್ಟರಲ್ಲಿ ಹುಡುಗನ ತಂದೆ ಅಡಿಗೆಮನೆಯ ಬಾಗಿಲಲ್ಲೇ ನಿಂತು, "ಉರಿ ಸಣ್ಣಗೆ, ಸಣ್ಣಗೆ" ಎಂದು ಅಮ್ಮನ ಕೈಲಿ ಬೀಜ ಹುರಿಸುತ್ತಿದ್ದರು. ಅವತ್ತು ಲೋಟ ಕೆಳಗಿಡದೆ ಕುಡಿದರು, ಇನ್ನೊಂದು ಲೋಟ ಕೇಳಿದರು. ಹುಡುಗ ನನ್ನನ್ನು ನೋಡಿ ಮೊದಲ ಸಲ ನಕ್ಕ. ಕಾರ್ತೀಕದಲ್ಲಿ ನಾನು ಸೊರಬಕ್ಕೆ ಸೊಸೆಯಾಗಿ ಹೋದೆ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎನ್ನುತ್ತಾರೆ. ಆ ಬೆಂಗಳೂರಿನ ಅಂಗಡಿಯವರಿಗೆ ಲಗ್ನಪತ್ರಿಕೆ ಕಳಿಸಿದ್ದೆವು. ಅವರು ಬರಲಿಲ್ಲ, ಹಾರೈಸಿ ಒಂದು ಕಾರ್ಡು ಹಾಕಿದರು. ನಾನು ಮತ್ತೆ ಬೆಂಗಳೂರಿಗೆ ಹೋಗುವ ಹೊತ್ತಿಗೆ ಆ ಜಾಗದಲ್ಲಿ ಬೇರೆಯವರ ಅಂಗಡಿ ಇತ್ತು.

ನನ್ನ ಅನುಮಾನದ ಸ್ವಭಾವ ಪೂರ್ತಿ ಹೋಗಿದೆ ಎಂದರೆ ಮನೆಯವರೇ ನಗುತ್ತಾರೆ. ಆದರೆ ಒಂದು ಸಂಕಟ ಇವತ್ತಿಗೂ ಇದೆ. ಕಾಫಿ ಸೋಸುವಾಗ ಆ ಹಿರಿಯರ ಮುಖ ನೆನಪಿಸಿಕೊಳ್ಳಲು ನೋಡುತ್ತೇನೆ. ಅಂಗಡಿಯ ಕತ್ತಲೆ ನೆನಪಾಗುತ್ತದೆ, ದಬ್ಬಣ ಹಿಡಿದ ಕೈ ನೆನಪಾಗುತ್ತದೆ, ದನಿಯೂ ನೆನಪಾಗುತ್ತದೆ. ಮುಖ ಮಾತ್ರ ಬರುವುದಿಲ್ಲ. ಅವರು ಎದುರಿಗೆ ನಿಂತಿದ್ದಷ್ಟು ಹೊತ್ತೂ ನಾನು ತಕ್ಕಡಿಯ ಮುಳ್ಳನ್ನೇ ನೋಡುತ್ತಿದ್ದೆ.