ಹಾಲವಾಣಕ್ಕೆ ಹಾಕಿದ ಸುಣ್ಣ

ಹಾಲವಾಣದ ಮರ ಚಳಿಗಾಲದಲ್ಲಿ ಎಲೆಯೆಲ್ಲ ಉದುರಿಸಿ ಬರೀ ಮುಳ್ಳು ಹೊತ್ತು ನಿಲ್ಲುತ್ತೆ. ಆಮೇಲೆ ಕೆಂಪು ಹೂವು, ಅದಾದ ಮೇಲೆ ಎಲೆ. ನಮ್ಮೂರಲ್ಲಿ ದನ ಕಾಯೋರಿಗೂ ಗೊತ್ತಿದ್ದ ಮಾತು. ಬಡಾವಣೆಗೆ ಜಾಗ ಅಳೆಯೋಕೆ ಬಂದ ಓವರ್‌ಸೀಯರಿಗೆ ಗೊತ್ತಿರಲಿಲ್ಲ.

ನಮ್ಮ ರಾಗಿ ಹೊಲ ಈಗ ಜಯನಗರದೊಳಗೆ ಸೇರಿಹೋಗಿದೆ. ಅದರ ಬದುವಿನಲ್ಲಿ ಒಂದು ಹಾಲವಾಣ ಇತ್ತು. ಬೆಳೀಲಿ ಅಂತ ಯಾರೂ ನೆಟ್ಟಿದ್ದಲ್ಲ. ನನಗೆ ತಾಯಿ ಇರಲಿಲ್ಲ, ಮೊದಲ ಹೆರಿಗೆ ಅತ್ತೆ ಮನೆಯಲ್ಲೇ ಆಯಿತು. ಹೆಣ್ಣುಕೂಸು. ಎಂಟು ದಿನ ಇದ್ದು ಹೋಯಿತು, ಹೆಸರೂ ಇಟ್ಟಿರಲಿಲ್ಲ. ಮಾವ ಎತ್ತಿಕೊಂಡು ಹೋಗಿ ಬದುವಿನಲ್ಲಿ ಮಣ್ಣು ಮಾಡಿ, ನರಿ ಬಗೆಯದಿರಲಿ ಅಂತ ಸುತ್ತ ಹಾಲವಾಣದ ಮುಳ್ಳುಗೂಟ ಊರಿದರು. ಉಳಿದವು ಒಣಗಿದವು. ಒಂದು ಚಿಗುರಿಕೊಂಡಿತು.

ಹೆತ್ತವಳು ಆ ಜಾಗ ನೋಡಬಾರದು, ನೋಡಿದರೆ ಮುಂದಿನದು ನಿಲ್ಲಲ್ಲ ಅಂತಾರೆ ನಮ್ಮಲ್ಲಿ. ನನಗೆ ಯಾರೂ ತೋರಿಸಲಿಲ್ಲ. ಮಾರನೇ ವರ್ಷ ಕಳೆ ಕೀಳುವಾಗ ನಾದಿನಿ, "ಅತ್ತಿಗೇ, ಆ ಗಿಡದ ತಾವ ಹೋಗ್ಬ್ಯಾಡ" ಅಂದಳು. ಅಷ್ಟು ಸಾಕಾಯಿತು. ಆಮೇಲೆ ಸೌದೆ ನೆಪ, ಹುಲ್ಲಿನ ನೆಪ, ದಿನಾ ಹೋಗಿ ನೋಡಿದೆ. ಎರಡು ಸಲ ಬಸುರು ನಿಲ್ಲಲಿಲ್ಲ. ನೋಡಿದ್ದಕ್ಕೇ ಹೀಗಾಯಿತು ಅಂತ ನಾನೇ ನಂಬಿದ್ದೆ. ಆದರೂ ಹೋಗೋದು ಬಿಡಲಿಲ್ಲ.

ಓವರ್‌ಸೀಯರ್ ಬಂದಾಗ ನಾನು ಮತ್ತೆ ಬಸುರಾಗಿ ಆರು ತಿಂಗಳಾಗಿತ್ತು. ಉಳಿಯೋ ಮರಕ್ಕೆ ಅವನು ಸುಣ್ಣದಲ್ಲಿ ನಂಬರು ಬರೆದ. ನಂಬರಿಲ್ಲದ್ದೆಲ್ಲ ಒಣಮರ, ಕಡಿದು ಸೌದೆಗೆ ಒಯ್ಯಿರಿ ಅಂದ. ಹೊಂಗೆಗೆ ಬರೆದ, ಹುಣಸೆಗೆ ಬರೆದ, ಹಾಲವಾಣ ದಾಟಿ ಹೋದ. ನಾನು ಹಿಂದೆ ಓಡಿದೆ.

"ಸ್ವಾಮಿ, ಅದು ಹಸಿ ಮರ."

"ಎಲೆ ಎಲ್ಲಮ್ಮಾ? ಒಂದು ತೋರಿಸು, ಬರೀತೀನಿ."

ಉಗುರಲ್ಲಿ ತೊಗಟೆ ಕೆರೆದು ಹಸಿರು ತೋರಿಸೋಕೆ ಹೋದೆ. ಅಷ್ಟರಲ್ಲಿ ಅತ್ತೆ ಬಂದರು. "ನೆರಳಿಲ್ಲದ ಮರದ ಕೆಳಗೆ ಬಸುರೀಗೇನೇ ಕೆಲ್ಸ? ನಡಿ ಮನೇಗೆ."

ಯಾಕೆ ಅಂತ ಬಾಯಿ ಬಿಟ್ಟರೆ ಜಾಗ ಗೊತ್ತು ಅಂತ ಒಪ್ಪಿಕೊಂಡ ಹಾಗೆ. ಸುಮ್ಮನೆ ನಡೆದೆ.

ಮಧ್ಯಾಹ್ನ ಎಲೆಅಡಿಕೆ ಸುಣ್ಣದ ಡಬ್ಬಿ ಸೆರಗಲ್ಲಿ ಮುಚ್ಚಿಕೊಂಡು ಹೋದೆ. ನನಗಾಗ ಒಂದಕ್ಷರ ಬರುತ್ತಿರಲಿಲ್ಲ. ರಂಗೋಲಿ ಬರುತ್ತಿತ್ತು. ಪಕ್ಕದ ಹುಣಸೆಮರದ ಮೇಲಿದ್ದದ್ದನ್ನ ಗೀಟೂ ಸುಳಿಯೂ ಬಿಡದೆ ಹಾಗೇ ಹಾಲವಾಣಕ್ಕೆ ಇಳಿಸಿದೆ. ಚೆನ್ನಾಗೇ ಬಂದಿತ್ತು.

ಮಾರನೇ ದಿನ ಓವರ್‌ಸೀಯರ್ ಎರಡು ಮರ ನೋಡಿ ಸೊಂಟದ ಮೇಲೆ ಕೈಯಿಟ್ಟುಕೊಂಡ. "ಇದೇನ್ರಯ್ಯ, ಹದಿನೇಳು ಎರಡು ಕಡೆ! ನಿಮ್ಮೂರ ಹುಣಸೆಮರ ಬೆಳಗಾಗೋದ್ರೊಳಗೆ ಮರಿ ಹಾಕ್ತದಾ?" ಎಲ್ಲರೂ ನಕ್ಕರು, ನನ್ನ ಗಂಡನೂ ನಕ್ಕರು. ಮರಮರಕ್ಕೂ ಬೇರೆ ನಂಬರು ಅಂತ ನನಗೆ ಆವಾಗ ತಿಳಿಯಿತು. ಅವನು ಬೂಟಿನಲ್ಲಿ ಸುಣ್ಣ ಉಜ್ಜಿ ಹಾಕಿದ.

ಬಿಟ್ಟರೆ ಬೇರೆಯವರು ಒಯ್ತಾರೆ ಅಂತ ನನ್ನ ಗಂಡನೇ ಕೊಡಲಿ ಹಾಕಿದರು. ಜಾಗ ಅವರಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಕಡಿದ ಕಡೆ ನೀರು ಜಿನುಗಿತು. ಹಸಿ ಅಂತ ಎಲ್ಲರಿಗೂ ಕಂಡಿತು, ಕೊಡಲಿ ನಿಲ್ಲಲಿಲ್ಲ.

ತುಂಡುಗಳನ್ನ ಹಿತ್ತಲಲ್ಲಿ ಒಣಗಹಾಕಿದರು. ಒಂದು ದಿನ ಬೇರೆ ಸೌದೆ ತೀರಿತ್ತು, ನಾನು ಅದನ್ನೇ ಒಲೆಗಿಟ್ಟೆ. ಇಡದೆ ಏನು ಮಾಡಲಿ, ಮುದ್ದೆ ಆಗಬೇಕಲ್ಲ. ಅತ್ತೆ ಬಂದವರೇ ಬರಿಗೈಯಲ್ಲಿ ಕೊಳ್ಳಿ ಎಳೆದು ನೀರು ಹಾಕಿದರು.

"ಅದು ಬ್ಯಾಡ ಕಣೇ."

ಬೆರಣಿ ಹಾಕಿ ಎಸರಿಟ್ಟೆವು. ಊಟ ಹೊತ್ತಾಯಿತು ಅಂತ ಗಂಡ ಕೂಗಾಡಿದರು. ನಾವಿಬ್ಬರೂ ತಲೆ ಎತ್ತಲಿಲ್ಲ.

ಆ ಬಸುರು ನಿಂತಿತು. ಮಗು ಹೆಜ್ಜೆ ಇಡೋ ಹೊತ್ತಿಗೆ ಬದುವನ್ನೂ ಸಮ ಮಾಡಿ ರಸ್ತೆ ಹಾಕಿದರು. ಮೊದಲ ಕೂಸು ಇದ್ದದ್ದು ಇಲ್ಲೇ ಅಂತ ಈಗ ನನ್ನ ಕೈಲೂ ತೋರಿಸೋಕೆ ಆಗಲ್ಲ.