ಲೇಮಾ ಬಿಟ್ಟುಹೋದ ಕತೆ

ಲೇಮಾ ತನ್ನ ಭಾಷೇಲಿ ಮಾತಾಡಿದ್ರೆ ತುಟಿ ಎರಡೂ ಪಟಪಟ ನಡುಗೋವು, ಕುದುರೆ ಉಸಿರು ಬಿಟ್ಟ ಹಾಗೆ. "ಬ್ರ್ರ್ರ್!" ಚಳಿ ಅಂದ್ಕೊಂಡು ಮೊದಲ ದಿನ ನನ್ನ ಶಾಲು ಹೊದಿಸಿದ್ದೆ. ಆಮೇಲೆ ಗೊತ್ತಾಯ್ತು, ಅದು ಅವರ ಭಾಷೆಯ ಒಂದು ಅಕ್ಷರ, ನಮ್ಮ ಕ ಖ ಗ ಇದ್ದ ಹಾಗೆ. ನಾನೂ ಕನ್ನಡಿ ಮುಂದೆ ಪ್ರಯತ್ನ ಪಟ್ಟೆ. ಹಲ್ಲಿನ ಸೆಟ್ಟು ಸಿಂಕಿಗೆ ಬಿತ್ತು.

ಲಂಡನ್ನಿನ ರೇನರ್ಸ್ ಲೇನಲ್ಲಿ ನನ್ನ ಮಗಳ ಫ್ಲಾಟಿನ ಎದುರು ಬಾಗಿಲು ಅವಳದು. ಹುಟ್ಟಿದ್ದು ಪೆಸಿಫಿಕ್ ಸಾಗರದ ವನುಆಟು ಅನ್ನೋ ದೇಶದ ಚೂರು ದ್ವೀಪದಲ್ಲಿ. ಆ ಭಾಷೆ ಆಡೋರೆಲ್ಲ ಸೇರಿದ್ರೂ ಒಂದು ಮದುವೆ ಛತ್ರ ತುಂಬಿದ್ರೆ ಹೆಚ್ಚು. ನಾವಿಬ್ಬರೂ ಮುರುಕು ಇಂಗ್ಲಿಷಲ್ಲೇ ಹರಟ್ತಿದ್ವಿ. ಆದ್ರೂ ಅವಳು ವ್ಯಾಕರಣದ ಪಾಠ ಬಿಡ್ತಿರ್ಲಿಲ್ಲ.

"ಸಿಸ್ಟರ್, ನಮ್ಮಲ್ಲಿ ತಿನ್ನೋ 'ನನ್ನದು' ಬೇರೆ, ಕುಡಿಯೋ 'ನನ್ನದು' ಬೇರೆ, ಮಿಕ್ಕಿದ್ದಕ್ಕೆಲ್ಲ ಬೇರೆ."

"ಗಂಡ ಯಾವುದರಲ್ಲಿ ಬರ್ತಾನೆ?"

"ನನ್ನ ಗಂಡನಾ? ಕುಡಿಯೋದ್ರಲ್ಲಿ!" ಅಂತ ಹೊಟ್ಟೆ ಹಿಡ್ಕೊಂಡು ನಕ್ಲು.

ಕಾಯಿಲೆ ಬಂದ್ಮೇಲೆ ಅವಳಿಗೆ ಒಂದೇ ಚಿಂತೆ. ತನ್ನ ಮಗಳು ನೋರಾಗೆ ಆ ಭಾಷೆ ಒಂದಕ್ಷರ ಬರಲ್ಲ. ಲಂಡನ್ನಲ್ಲಿ ಯಾಕೆ ಬೇಕು ಅಂತ ಇವಳೇ ಕಲಿಸಿರ್ಲಿಲ್ಲ. ತನ್ನಮ್ಮ ಹೇಳ್ತಿದ್ದ ಆಮೆ ಕತೆ ಒಂದನ್ನಾದ್ರೂ ಮಗಳಿಗೆ ಬಿಟ್ಟುಹೋಗ್ಬೇಕು ಅಂತ ಫೋನಲ್ಲಿ ರೆಕಾರ್ಡ್ ಮಾಡೋಕೆ ಕೂತ್ಲು. ಮಾತೇ ಹೊರಡಲಿಲ್ಲ. "ಫೋನು ಹೂಂ ಅನ್ನಲ್ವಲ್ಲ, ಯಾರಿಗೆ ಹೇಳ್ಲಿ?"

"ನಾನಿಲ್ವಾ? ಹೂಂ ಅನ್ನೋದ್ರಲ್ಲಿ ಮೈಸೂರೋರು ಎತ್ತಿದ ಕೈ" ಅಂತ ಎದುರಿಗೆ ಕೂತೆ. ನಾನು ಹೂಂ ಅಂದ ಹಾಗೆಲ್ಲ ಕತೆ ಓಡ್ತು. ಹುಮ್ಮಸ್ಸು ಬಂದು ಒಂದು ಕಡೆ ಜೋರಾಗಿ ನಕ್ಬಿಟ್ಟೆ. ಅಲ್ಲಿ ಆಮೆ ಸತ್ತಿತ್ತಂತೆ! ಲೇಮಾ ತನ್ನ ಭಾಷೇಲೇ ನನ್ನ ಉಗಿದ್ಲು ನೋಡಿ, ಕೈ ಬೀಸ್ಕೊಂಡು, ಉಸಿರೂ ಬಿಡದೆ. ಆಮೇಲೆ ಏನೂ ಆಗದವಳ ಹಾಗೆ ಕತೆ ಮುಗಿಸಿದ್ಲು. ರೆಕಾರ್ಡಿಂಗ್ ನಡುವೆ ಸೇರಿದ ಬೈಗುಳ ಅಳಿಸೋದು ಇಬ್ಬರಿಗೂ ಗೊತ್ತಿರ್ಲಿಲ್ಲ.

ಯುಗಾದಿ ಆದ ವಾರಕ್ಕೆ ಲೇಮಾ ಹೋಗ್ಬಿಟ್ಲು. ನೋರಾ ಆ ರೆಕಾರ್ಡಿಂಗ್ ಹಾಕ್ಕೊಂಡು, ಅರ್ಥ ಗೊತ್ತಿಲ್ದೇನೇ, ಬಾಯಿಪಾಠ ಮಾಡಿದ್ಲು. ದ್ವೀಪದಲ್ಲಿರೋ ಲೇಮಾ ತಂಗಿಗೆ ವಿಡಿಯೋ ಕಾಲಲ್ಲಿ ಒಪ್ಪಿಸೋ ದಿನ ನನ್ನೂ ಕರೆದ್ಲು. "ಆಂಟಿ, ನೀವು ಪಕ್ಕದಲ್ಲಿದ್ರೆ ನಂಗೆ ಧೈರ್ಯ."

ಕತೆ ಚೆನ್ನಾಗೇ ಹೋಯ್ತು. ಆಮೆ ಸತ್ತಿತು. ನೋರಾ ನಿಲ್ಲಿಸ್ಲೇ ಇಲ್ಲ. ಅದೇ ಭಕ್ತಿಯಿಂದ, ನನಗೆ ಬಿದ್ದ ಬೈಗುಳಾನೂ ಪೂರ್ತಿ ಒಪ್ಪಿಸಿದ್ಲು! ಅದೂ ಕತೆಯೊಳಗಿನ ಮಾತೇ ಅಂದ್ಕೊಂಡಿದ್ಲು ಪಾಪ.

ಫೋನಲ್ಲಿ ಅವಳ ಚಿಕ್ಕಮ್ಮ ಕಣ್ಣು ಕಣ್ಣು ಬಿಟ್ಲು. ಆಮೇಲೆ ಬಾಯಿಗೆ ಅಂಗೈ ಒತ್ಕೊಂಡು ನಕ್ಕೂ ನಕ್ಕೂ, ಅತ್ತೇ ಬಿಟ್ಲು.

"ಏನಾದ್ರೂ ತಪ್ಪಾಯ್ತಾ?" ನೋರಾಗೆ ಭಯ.

ಚಿಕ್ಕಮ್ಮ ಕಣ್ಣೊರೆಸ್ಕೊಂಡು ಇಂಗ್ಲಿಷಲ್ಲಿ ಅಂದ್ಲು, "ಆಮೆ ಕತೆ ಇಲ್ಲಿ ಎಲ್ಲರಿಗೂ ಬರುತ್ತೆ ಮಗಳೇ. ಹೀಗೆ ಬೈಯೋಕೆ ಬರ್ತಿದ್ದಿದ್ದು ನಮ್ಮಕ್ಕ ಒಬ್ಬಳಿಗೇ. ಇನ್ನೊಂದ್ಸಲ ಬೈಯಮ್ಮ."

ನೋರಾ ನನ್ನ ಕಡೆ ತಿರುಗಿದ್ಲು, ಕೈ ಎತ್ತಿದ್ಲು, ಶುರು ಮಾಡಿದ್ಲು. ನಾನು ಸೆರಗು ಸರಿಮಾಡ್ಕೊಂಡು ನೆಟ್ಟಗೆ ಕೂತೆ.