ಮೂರು ಸಲ ಕೂಗುವ ಗುಮಾಸ್ತರು

ನಮ್ಮ ಪುರಸಭೆಯಲ್ಲಿ ಮತದಾರರ ಪಟ್ಟಿ ನೋಡಿಕೊಳ್ಳುವ ಗುಮಾಸ್ತರು ಯಾರ ಹೆಸರನ್ನಾದರೂ ಹೊಡೆದುಹಾಕುವ ಮುನ್ನ ಎದ್ದು ನಿಂತು ಅದನ್ನು ಮೂರು ಸಲ ಗಟ್ಟಿಯಾಗಿ ಕೂಗುತ್ತಾರೆ. ಸತ್ತವರದಾದರೂ ಸರಿ, ಊರು ಬಿಟ್ಟವರದಾದರೂ ಸರಿ. “ಮೇಲಿಂದ ಇಳಿದು ಬರೋಕೆ ಟೈಮ್ ಬೇಕು, ಸ್ವಲ್ಪ ಕಾಯಿರಿ ಸಾರ್,” ಎಂದು ನಾವು ಛೇಡಿಸಿದರೆ, “ಇರೋರನ್ನ ಇಲ್ಲ ಅಂತ ಬರೆದುಬಿಟ್ರೆ ಏನಪ್ಪಾ ಗತಿ?” ಎನ್ನುತ್ತಾರೆ. ಚುನಾವಣೆ ಹತ್ತಿರವಾದಂತೆ ಗಂಟಲು ಕಟ್ಟುತ್ತದೆ. ಬಿಸಿನೀರು ಕುಡಿದು ಮತ್ತೆ ಕೂಗುತ್ತಾರೆ. ಮೊನ್ನೆ ಅವರ ಭಾವನೇ ಅರ್ಜಿ ತಂದರು: “ನಿಮ್ಮಕ್ಕ ಜಗಳ ಆಡಿಕೊಂಡು ಮನೆ ಬಿಟ್ಟು ಹೋದಳು, ಹೆಸರು ತೆಗೆದುಬಿಡು.” ಗುಮಾಸ್ತರು ಅಕ್ಕನ ಹೆಸರು ಕೂಗಿದರು. ಮೂರನೆಯ ಕೂಗಿಗೆ ಕೋಣೆಯಲ್ಲಿದ್ದ ನಾವೆಲ್ಲ ತಡೆಯಲಾಗದೆ ಬಾಗಿಲತ್ತ ತಿರುಗಿದೆವು. ಭಾವ ಮಾತ್ರ ತಿರುಗಲಿಲ್ಲ. ಗುಮಾಸ್ತರು ಪೆನ್ನು ಕೆಳಗಿಟ್ಟರು. “ಅಕ್ಕ ಬರೋದಿಲ್ಲ ಅಂತ ನಿಮಗೆ ಹೇಗೆ ಗೊತ್ತು, ಭಾವ?”